ಸರಾಸರಿ ಮೇಯುವ ಯಾಕ್ ಇಲ್ಲ

– ಅಲ್ಲಮ್ಮ, ನನಗೆ ಹೊಳೆಯದ್ದು ಒಂದೇ. ಟಿಬೆಟ್ಟಿನ ಹುಲ್ಲುಗಾವಲು ಹಾಳಾಗುತ್ತಿದೆ ಅಂತ ಚೀನಾ ಸರ್ಕಾರ ತಂತಿಬೇಲಿ ಹಾಕಿಸಿತು. ಯಾಕ್, ಕುರಿಗಳನ್ನು ಹೊರಗೆ ನಿಲ್ಲಿಸಿತು. ಒಳಗೆ ಹುಲ್ಲು ಎದ್ದಿತು. ಫೋಟೊದಲ್ಲೇ ಕಾಣುತ್ತದಲ್ಲ, ಬೇಲಿಯ ಈಚೆ ಬೋಳು, ಆಚೆ ಹಸಿರು. ಇದರಲ್ಲಿ ತಕರಾರು ಎಲ್ಲಿಂದ ಬಂತು?

– ಹುಲ್ಲು ಎದ್ದದ್ದು ನಿಜ ಮಾವ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಫೋಟೊ ಒಂದು ವರ್ಷದ್ದು. ಮುಂದಿನ ವರ್ಷ ಎಷ್ಟು ಎದ್ದಿತು, ಮಳೆ ಕೈಕೊಟ್ಟ ವರ್ಷ ಎಷ್ಟು, ಜೂನ್‌ನಲ್ಲೂ ಹಿಮ ಬಿದ್ದ ವರ್ಷ ಎಷ್ಟು? ಅದನ್ನು ಫೋಟೊ ಹೇಳುವುದಿಲ್ಲ. ನೀವು ಬ್ಯಾಂಕಿನಲ್ಲಿ ಕೃಷಿ ಸಾಲ ನೋಡಿಕೊಂಡವರು. ಒಂದೇ ವರ್ಷದ ಇಳುವರಿ ನೋಡಿ ಸಾಲ ಮಂಜೂರು ಮಾಡುತ್ತಿದ್ದಿರಾ?

– ಇಲ್ಲ. ಐದು ವರ್ಷದ ಸರಾಸರಿ ಕೇಳುತ್ತಿದ್ದೆವು.

– ಸರಾಸರಿ ಸಾಕಾಗುತ್ತಿತ್ತೆ?

– ಕಾಗದಕ್ಕೆ ಸಾಕಾಗುತ್ತಿತ್ತು. ವಸೂಲಿಗೆ ಹೋದಾಗ ಸಾಲುತ್ತಿರಲಿಲ್ಲ!

– ಅದೇ ನೋಡಿ. ಒಂದು ಲೆಕ್ಕ ಹಾಕೋಣ. ಎರಡು ಹುಲ್ಲುಗಾವಲು ಅಂದುಕೊಳ್ಳಿ. ಮೊದಲನೆಯದರಲ್ಲಿ ಮೂರು ವರ್ಷ ಚದರ ಮೀಟರಿಗೆ 280, 300, 320 ಗ್ರಾಂ ಒಣಹುಲ್ಲು ಸಿಕ್ಕಿತು. ಎರಡನೆಯದರಲ್ಲಿ 200, 400, 600. ಸರಾಸರಿ ಮೊದಲನೆಯದಕ್ಕೆ 300, ಎರಡನೆಯದಕ್ಕೆ 400. ಯಾವುದು ಒಳ್ಳೆಯದು?

– ಸರಾಸರಿ ನೋಡಿದರೆ ಎರಡನೆಯದು. ಆದರೆ ನೀನು ಹಾಗೆ ಕೇಳುವಾಗಲೇ ಉತ್ತರ ಬೇರೆ ಇರಬೇಕು.

– ಸರಾಸರಿಯನ್ನು ಏರಿಳಿತದಿಂದ ಭಾಗಿಸಿ. ಏರಿಳಿತ ಅಂದರೆ ಸಂಖ್ಯಾಶಾಸ್ತ್ರದವರ ಪ್ರಮಾಣ ವಿಚಲನೆ. ಮೊದಲನೆಯದಕ್ಕೆ ಅದು 20, ಎರಡನೆಯದಕ್ಕೆ 200. ಭಾಗಿಸಿದಾಗ ಮೊದಲನೆಯದಕ್ಕೆ 15 ಬರುತ್ತದೆ, ಎರಡನೆಯದಕ್ಕೆ ಬರೀ 2. ಇದನ್ನೇ ಉತ್ಪಾದಕತೆಯ ಸ್ಥಿರತೆ ಅನ್ನುತ್ತಾರೆ. ಎರಡನೇ ಹುಲ್ಲುಗಾವಲಿನವನು ಸರಾಸರಿ ನಂಬಿ 400 ಗ್ರಾಂ ಲೆಕ್ಕದಲ್ಲಿ ಯಾಕ್ ಸಾಕಿದ ಅನ್ನಿ. ಇನ್ನೂರು ಬೆಳೆದ ವರ್ಷ ಅರ್ಧ ಮಂದೆಗೆ ಮೇವಿಲ್ಲ. ಆ ವರ್ಷದ ಚಳಿಗಾಲದಲ್ಲಿ ಹೊಟ್ಟೆಗಿಲ್ಲದ ಯಾಕ್ ಮುಂದೆಂದೋ ಬರುವ ಆರುನೂರು ಗ್ರಾಂ ಮೇಯಲು ಉಳಿದಿರುವುದಿಲ್ಲ.

– ಸರಿ, ಒಪ್ಪಿದೆ. ಆದರೆ ಏರಿಳಿತ ಮಳೆ-ಚಳಿಯದ್ದು. ಬೇಲಿ ಹಾಕಿದರೂ ಹಾಕದಿದ್ದರೂ ಮಳೆ ಅಷ್ಟೇ ಬೀಳುತ್ತದೆ. ನೆಲ ನೋಡಿಕೊಳ್ಳುವವನ ಕೈಯಲ್ಲಿ ಏನಿದೆ?

– ಮಳೆ ಒಂದೇ, ಅದಕ್ಕೆ ಓಗೊಡುವ ಗಿಡಗಳು ಬೇರೆ ಬೇರೆ. ಒಂದು ಜಾತಿ ಬಿದ್ದ ವರ್ಷ ಇನ್ನೊಂದು ಏಳಬೇಕು. ಎಲ್ಲವೂ ಒಟ್ಟಿಗೆ ಏಳುವ, ಒಟ್ಟಿಗೆ ಬೀಳುವ ಗಾವಲು ಅಪಾಯದ್ದು.

– ಓ, ಬೈಲಕುಪ್ಪೆಯವರ ಸ್ವೆಟರ್ ವ್ಯಾಪಾರದ ಹಾಗೆ.

– ಅಂದರೆ?

– ನಾನು ಪಿರಿಯಾಪಟ್ಟಣದ ಕಡೆ ಇದ್ದಾಗ ಕಂಡದ್ದು. 1960ರಲ್ಲಿ ಅಲ್ಲಿ ಟಿಬೆಟ್ ನಿರಾಶ್ರಿತರಿಗೆ ಕಾಡು ಕಡಿದು ಜಮೀನು ಕೊಟ್ಟರು. ಅವರು ಹಾಕಿದ್ದು ಮುಸುಕಿನ ಜೋಳ. ಎಲ್ಲರ ಹೊಲದಲ್ಲೂ ಅದೇ, ನೀರಾವರಿ ಇಲ್ಲ, ಬಂದರೆ ಮಳೆ. ಜೋಳವನ್ನೇ ನಂಬಿದ್ದರೆ ಎರಡು ಬರಕ್ಕೆ ಕ್ಯಾಂಪಿಗೆ ಕ್ಯಾಂಪೇ ಖಾಲಿಯಾಗುತ್ತಿತ್ತು. ಚಳಿಗಾಲ ಬಂತೆಂದರೆ ಮನೆಗೊಬ್ಬರು ಗಂಟು ಕಟ್ಟಿಕೊಂಡು ಊರೂರಿಗೆ ಸ್ವೆಟರ್ ಮಾರಲು ಹೊರಟುಬಿಡುತ್ತಿದ್ದರು. ಮಳೆ ಕೆಟ್ಟರೆ ಚಳಿಯೂ ಕೆಡಬೇಕು ಅಂತೇನಿಲ್ಲವಲ್ಲ. ಜೋಳದ ಸಾಲ ಸ್ವೆಟರಿನ ದುಡ್ಡಿನಲ್ಲಿ ತೀರಿದ್ದನ್ನು ನಾನೇ ನೋಡಿದ್ದೇನೆ.

– ಇದಕ್ಕಿಂತ ಚೆನ್ನಾಗಿ ನಾನು ತರಗತಿಯಲ್ಲೂ ಹೇಳಿಲ್ಲ. ಹುಲ್ಲುಗಾವಲಿನಲ್ಲಿ ಜೋಳವೂ ಸ್ವೆಟರೂ ಎರಡೂ ಗಿಡಗಳೇ, ಅಷ್ಟೇ ವ್ಯತ್ಯಾಸ. ಪರಿಸರ ವಿಜ್ಞಾನಿಗಳು ಇದಕ್ಕೆ ಜಾತಿಗಳ ಅಸಮಕಾಲಿಕತೆ ಅನ್ನುತ್ತಾರೆ. ಬಾಯಿ ತುಂಬುವ ಹೆಸರು, ವಿಷಯ ಸ್ವೆಟರಿನದೇ.

– ಆ ಗಿಡಗಳು ಯಾವುವು? ನಮ್ಮ ಗರಿಕೆ, ಕರಡದ ಹಾಗಾ?

– ನೀವು ಕಲ್ಪಿಸಿಕೊಳ್ಳುವುದಕ್ಕಿಂತ ಗಿಡ್ಡ. ಟಿಬೆಟ್ ಪ್ರಸ್ಥಭೂಮಿಯ ಆಗ್ನೇಯ ಭಾಗದಲ್ಲಿ ಕೋಬ್ರೇಸಿಯಾ ಪಿಗ್ಮಿಯಾ ಅನ್ನುವ ಸಸ್ಯ ಸುಮಾರು 4,50,000 ಚದರ ಕಿಲೋಮೀಟರ್ ಆವರಿಸಿದೆ. ಕರ್ನಾಟಕದ ಎರಡು ಪಟ್ಟಿಗೂ ಹೆಚ್ಚು. ಅದು ಹುಲ್ಲಲ್ಲ, ಜೇಕಿನ ಕುಟುಂಬದ್ದು. ಎತ್ತರ ಎರಡರಿಂದ ನಾಲ್ಕು ಸೆಂಟಿಮೀಟರ್, ನಿಮ್ಮ ಹೆಬ್ಬೆರಳಿಗಿಂತ ಕಡಿಮೆ. ನೆಲದ ಮೇಲೆ ಕಾಣುವುದು ಇಷ್ಟೇ. ಸಲಿಕೆಯಿಂದ ಒಂದು ಚೌಕ ಕತ್ತರಿಸಿ ಎತ್ತಿದರೆ ಅಡಿಯಲ್ಲಿ ಬೇರಿನದೇ ಹೆಣಿಗೆ. ಸತ್ತ ಬೇರು, ಬದುಕಿದ ಬೇರು, ನಡುನಡುವೆ ಮಣ್ಣು, ಎಲ್ಲ ಸೇರಿ ಕಂಬಳಿ ಮಡಿಸಿಟ್ಟಂತಿರುತ್ತದೆ. ಕೆಲವು ಕಡೆ ಒಂದಡಿ ದಪ್ಪ. ಮೇಲಿನ ಎಲೆಯನ್ನು ಯಾಕ್ ಕಿತ್ತರೂ ಬಂಡವಾಳ ಕೆಳಗಿದೆ. ಮತ್ತೆ ಚಿಗುರುತ್ತದೆ. ಸಾವಿರಾರು ವರ್ಷದಿಂದ ಮೇಯಿಸಿಕೊಂಡೇ ಬೆಳೆದ ಸಸ್ಯ ಅದು. ಅದರ ನಡುವೆಯೇ ಅಗಲೆಲೆಯ ಸಣ್ಣ ಗಿಡಗಳು, ಜೆನ್ಷಿಯನ್, ಪೊಟೆಂಟಿಲ್ಲಾ, ಬಿಸ್ಟಾರ್ಟ್. ಇವುಗಳ ಸಂದಿಯಲ್ಲಿ ಹುಲ್ಲಿನ ಗೊಂಚಲು.

– ಯಾಕ್ ಬರದಿದ್ದರೆ?

– ಬೆಳಕಿನ ಜಗಳ ಶುರುವಾಗುತ್ತದೆ. ಎಲಿಮಸ್, ಸ್ಟಿಪಾದಂಥ ಎತ್ತರದ ಹುಲ್ಲುಗಳನ್ನು ಬಾಯಿ ಹಾಕಿ ತಗ್ಗಿಸುವವರಿಲ್ಲ. ಅವು ಏಳುತ್ತವೆ, ಕೆಳಗಿನ ಜೇಕಿಗೆ ನೆರಳು. ಚಳಿಗಾಲಕ್ಕೆ ಒಣಗಿದ ಹುಲ್ಲು ಅಲ್ಲೇ ಮಲಗುತ್ತದೆ. ಆ ಚಳಿಯಲ್ಲಿ ಅದು ಬೇಗ ಕೊಳೆಯುವುದೂ ಇಲ್ಲ, ವರ್ಷದ ಮೇಲೆ ವರ್ಷ ಹಾಸುತ್ತಾ ಹೋಗುತ್ತದೆ. ಎರಡು ಸೆಂಟಿಮೀಟರ್ ಎತ್ತರದ ಗಿಡಕ್ಕೆ ಅದೇ ಸಮಾಧಿ. ಮೊದಲ ಕೆಲವು ವರ್ಷ ಒಟ್ಟು ತೂಕ ಏರುತ್ತದೆ, ನಿಮ್ಮ ಫೋಟೊದ ಹಸಿರು ಅದೇ. ಬೇಲಿ ಹಳೆಯದಾದಂತೆ ಎರಡು-ಮೂರು ಜಾತಿ ಹುಲ್ಲುಗಳ ಯಜಮಾನಿಕೆ ಬರುತ್ತದೆ. ಯಜಮಾನನಿಗೆ ಆಗದ ವರ್ಷ ಬಂದರೆ ಜಾಗ ತುಂಬುವ ಇನ್ನೊಬ್ಬ ಇರುವುದಿಲ್ಲ.

– ಇದನ್ನು ಅಳೆದು ಹೇಳುತ್ತಾರೋ, ನೋಡಿ ಹೇಳುತ್ತಾರೋ?

– ಅಳೆದೇ. ಚಿಂಗ್‌ಹಾಯ್ ಪ್ರಾಂತದ ಹಾಯ್‌ಬೇಯಲ್ಲಿ 1976ರಲ್ಲಿ ಶುರುವಾದ ಸಂಶೋಧನಾ ಕೇಂದ್ರವಿದೆ, ಸುಮಾರು 3,200 ಮೀಟರ್ ಎತ್ತರದಲ್ಲಿ. ಬೆಳವಣಿಗೆಯ ಕಾಲ ಅಲ್ಲಿ ಮೇಯಿಂದ ಸೆಪ್ಟೆಂಬರ್ ತನಕ, ಅಷ್ಟೇ. ಆಗಸ್ಟ್ ಕೊನೆಗೆ ಹುಲ್ಲು ಗರಿಷ್ಠ ಮುಟ್ಟುತ್ತದೆ. ಆಗ ಅರ್ಧ ಮೀಟರಿನ ಚೌಕಟ್ಟು ನೆಲಕ್ಕಿಟ್ಟು, ಒಳಗಿದ್ದದ್ದನ್ನೆಲ್ಲ ಕತ್ತರಿಯಿಂದ ಬುಡಕ್ಕೆ ಕತ್ತರಿಸುತ್ತಾರೆ. ಆಮೇಲಿನದೇ ದೊಡ್ಡ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸುವವರು ಕೂರುವ ಹಾಗೆ ಕೂತು ಜಾತಿಜಾತಿಯಾಗಿ ಬಿಡಿಸಬೇಕು. ಒಂದೊಂದು ಚೌಕದಲ್ಲಿ ಇಪ್ಪತ್ತು, ಮೂವತ್ತು ಜಾತಿ ಸಿಕ್ಕಿದರೂ ಆಶ್ಚರ್ಯವಿಲ್ಲ. ಪೊಟ್ಟಣ ಕಟ್ಟಿ, ಒಲೆಯಲ್ಲಿ ಒಣಗಿಸಿ, ತೂಗಿ ಬರೆಯುವುದು. ಮುಂದಿನ ವರ್ಷ ಮತ್ತೆ. ಹಾಯ್‌ಬೇಯಲ್ಲಿ 1983ರಿಂದ 2014ರವರೆಗಿನ ತೂಕದ ಲೆಕ್ಕ ಸಿಗುತ್ತದೆ. ಮೂರು ವರ್ಷದ ಪ್ರಾಜೆಕ್ಟ್ ಹಣಕ್ಕೆ ಓಡಾಡುವ ನಮ್ಮಂಥವರಿಗೆ ಅದನ್ನು ನೋಡಿದರೆ ಹೊಟ್ಟೆಕಿಚ್ಚು.

– ಇರಲಿ. ನಿನ್ನ ಮಾತು ಕೇಳಿದರೆ ಮೇಯಿಸಿದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಅತಿಯಾಗಿ ಮೇಯಿಸಿದ ಗೋಮಾಳ ಹೇಗಿರುತ್ತದೆ ಅಂತ ನನಗೆ ನೀನು ಹೇಳಬೇಕಾಗಿಲ್ಲ.

– ಹಾಗಲ್ಲ ಮಾವ. ಅತಿಯಾದರೆ ಆ ಕಂಬಳಿ ಹರಿಯುತ್ತದೆ. ಮೊದಲು ಬಿರುಕು, ಆಮೇಲೆ ಅಂಚು ಕುಸಿತ, ಗಾಳಿ-ನೀರು ಮಣ್ಣನ್ನು ಒಯ್ಯುತ್ತದೆ. ಕೊನೆಗೆ ಉಳಿಯುವ ಬೋಳು ಕಪ್ಪು ನೆಲಕ್ಕೆ ಅಲ್ಲಿ ಕಪ್ಪುಮಣ್ಣಿನ ಬಯಲು ಅಂತಲೇ ಹೆಸರಿದೆ. ಅಂಥ ಕಡೆ ಬೇಲಿ ಬೇಕು, ವಿಶ್ರಾಂತಿ ಕೊಡಬೇಕು. ಕೊಟ್ಟ ಕಡೆ ಚೇತರಿಸಿಕೊಂಡದ್ದೂ ಇದೆ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಸ್ಥಿರತೆ ಅನ್ನುವ ಅಂಕೆಯನ್ನು ಕಣ್ಣುಮುಚ್ಚಿ ನಂಬಬಾರದು. ಅತಿಯಾಗಿ ಮೇಯಿಸಿದ ಗಾವಲಿನಲ್ಲಿ ಯಾಕ್ ಮುಟ್ಟದ ಕಳೆ ಹಬ್ಬುತ್ತದೆ. ಸ್ಟೆಲ್ಲೆರಾ ಅಂತ ಒಂದು, ಬಿಳಿ-ಕೆಂಪು ಹೂವಿನದು, ನೋಡಲು ಚೆಂದ, ಬೇರಿನ ತುಂಬ ವಿಷ. ಆಕ್ಸಿಟ್ರೋಪಿಸ್ ಅಂತ ಇನ್ನೊಂದು, ತಿಂದ ಪ್ರಾಣಿಗೆ ಹುಚ್ಚು ಹಿಡಿದಂತಾಗುತ್ತದೆ. ಇವೇ ತುಂಬಿದ ಬಯಲು ವರ್ಷ ವರ್ಷ ಒಂದೇ ಸಮ ತೂಗಬಹುದು. ಅಂಕೆ ಹದಿನೈದು ಬಂದೀತು. ಆದರೆ ಯಾರಿಗೆ ಬೇಕು ಆ ಸ್ಥಿರತೆ?

– ವಸೂಲಾಗದ ಸಾಲ ಕೂಡ ಖಾತೆಯಲ್ಲಿ ಬಹಳ ಸ್ಥಿರವಾಗಿರುತ್ತದೆ.

– ನೀವು ನಿವೃತ್ತರಾದದ್ದು ಬ್ಯಾಂಕಿಗೆ ನಷ್ಟ.

– ಬ್ಯಾಂಕಿನವರಿಗೆ ಹಾಗನ್ನಿಸಲಿಲ್ಲ. ಹಾಗಾದರೆ ಮಧ್ಯಮ ಮೇಯಿಸುವಿಕೆ ಅನ್ನು, ಮುಗಿಯಿತಲ್ಲ. ಎಕರೆಗೆ ಇಷ್ಟು ಯಾಕ್ ಅಂತ ಆದೇಶ ಹೊರಡಿಸಿದರಾಯಿತು.

– ಅಲ್ಲೇ ಎಡವುವುದು. ಎಷ್ಟು ಅನ್ನುವುದಕ್ಕಿಂತ ಯಾವಾಗ, ಎಲ್ಲಿ ಅನ್ನುವುದು ದೊಡ್ಡದು. ಡ್ರೋಕ್‌ಪಾ ಅಂದರೆ ಅಲ್ಲಿಯ ಪಶುಪಾಲಕರು. ಅವರ ಹಳೆಯ ಪದ್ಧತಿಯಲ್ಲಿ ಮಂದೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಬೇಸಿಗೆಗೆ ಎತ್ತರದ ಗಾವಲು, ಚಳಿಗೆ ತಗ್ಗಿನ ಕಣಿವೆ. ಒಂದು ಕಣಿವೆಯಲ್ಲಿ ಹಿಮ ಹೆಚ್ಚು ಬಿದ್ದರೆ ಪಕ್ಕದ ಬಳಗದವರ ಕಣಿವೆ ಕೇಳಿಕೊಂಡು ಹೋಗುವುದು, ಅವರಿಗೆ ಕಷ್ಟ ಬಂದಾಗ ಇವರು ಬಿಟ್ಟುಕೊಡುವುದು. ಗಿಡಗಳ ಏರಿಳಿತ ಒಂದಕ್ಕೊಂದು ಹೊಂದದಿರುವುದು ಒಂದು ರಕ್ಷಣೆ ಅಂದೆನಲ್ಲ, ಕಣಿವೆಗಳದ್ದೂ ಹಾಗೆಯೇ. ಇಲ್ಲಿ ಬಿದ್ದ ವರ್ಷ ಅಲ್ಲಿ ಎದ್ದಿರುತ್ತದೆ. ಆದರೆ ಅದನ್ನು ಬಳಸಿಕೊಳ್ಳಲು ಕಾಲು ಬೇಕು. ನಡೆಯಲು ಬಿಡಬೇಕು.

– ನಮ್ಮ ಅಮೃತಮಹಲ್ ಕಾವಲುಗಳಲ್ಲೂ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ದವು. ದನ ಒಂದರಿಂದ ಒಂದಕ್ಕೆ ನಡೆದುಕೊಂಡೇ ಹೋಗುತ್ತಿದ್ದವು. ಇರಲಿ, ಟಿಬೆಟ್ಟಿನಲ್ಲಿ ಏನಾಯಿತು?

– ಹಂತಹಂತವಾಗಿ ನಿಂತಿತು. 1950ರ ದಶಕದ ಕೊನೆಯಿಂದ ಒಂದೊಂದು ಕಡೆಯಾಗಿ ಕಮ್ಯೂನ್‌ಗಳು ಬಂದವು, ಪ್ರಾಣಿಗಳು ಎಲ್ಲರದಾದವು. 1980ರ ದಶಕದಲ್ಲಿ ಕಮ್ಯೂನ್ ಮುರಿದು ಪ್ರಾಣಿಗಳನ್ನು ಮನೆಮನೆಗೆ ಹಂಚಿದರು. ನೆಲ ಮಾತ್ರ ಸಾಮಾನ್ಯವಾಗಿ ಉಳಿಯಿತು. ಯಾಕ್ ನನ್ನದು, ಹುಲ್ಲು ಎಲ್ಲರದು ಅಂದಾಗ ಏನಾಗುತ್ತದೋ ಅದು ಆಗುತ್ತದೆ ಅಂತ ಅಧಿಕಾರಿಗಳು ಹೆದರಿದರು. 1990ರ ದಶಕದಲ್ಲಿ ಹುಲ್ಲುಗಾವಲನ್ನೂ ಗುತ್ತಿಗೆಯಾಗಿ ಮನೆಮನೆಗೆ ಹಂಚಿ, ತಂತಿಬೇಲಿ ಕೊಟ್ಟು, ನಿನ್ನ ಪಾಲು ನೀನು ನೋಡಿಕೋ ಅಂದರು. ಅದೂ ಸಾಲದೆ 2003ರಿಂದ ಜಾನುವಾರು ಹೊರಗಿಡುವ, ಹುಲ್ಲು ಮರಳಿಸುವ ಯೋಜನೆ. ಕೆಲವು ಕಡೆ ಪೂರ್ತಿ ನಿಷೇಧ, ಕೆಲವು ಕಡೆ ಋತುವಿನ ನಿಷೇಧ, ಮೇವಿಗೆ ಧನಸಹಾಯ. ಬಹಳ ಕುಟುಂಬಗಳು ಪಟ್ಟಣದ ಅಂಚಿನ ಸಾಲುಮನೆಗಳಿಗೆ ಬಂದವು.

– ಹಂಚಿದ್ದರಲ್ಲಿ ತಪ್ಪೇನು? ತನ್ನದಾದರೆ ಕಾಪಾಡುತ್ತಾನೆ. ನನ್ನ ಇಡೀ ಸರ್ವೀಸು ಆ ನಂಬಿಕೆಯ ಮೇಲೆ ನಿಂತದ್ದು.

– ಹೊಲಕ್ಕೆ ಆ ಮಾತು ಸರಿ ಹೋಗಬಹುದು. ಮಳೆ, ಹಿಮ ಎಲ್ಲಿ ಬೀಳುತ್ತದೆಂದು ಹೇಳಲಾಗದ ಕಡೆ ಒಂದು ಕುಟುಂಬವನ್ನು ಒಂದು ತುಂಡಿಗೆ ಕಟ್ಟಿಹಾಕಿದರೆ, ಆ ತುಂಡಿನ ಏರಿಳಿತವಷ್ಟೂ ಆ ಕುಟುಂಬದ ತಲೆಗೆ. 1997-98ರ ಚಳಿಗಾಲದಲ್ಲಿ ಉತ್ತರ ಟಿಬೆಟ್ಟಿನ ನಾಕ್ಚು ಕಡೆ ಭಾರಿ ಹಿಮ ಬಿತ್ತು. ಮೇವಿನ ಮೇಲೆ ಹಿಮ ಕಲ್ಲಾಯಿತು, ಲಕ್ಷಗಟ್ಟಲೆ ಜಾನುವಾರು ಸತ್ತವು. ಹಿಮ ಹಿಂದೆಯೂ ಬೀಳುತ್ತಿತ್ತು, ಪ್ರಾಣಿಗಳು ಸಾಯುತ್ತಲೂ ಇದ್ದವು. ಆದರೆ ಅಂಥ ಹೊತ್ತಿಗೆ ಓಡಿಹೋಗಲು ದಾರಿ ಬೇಕು, ಆ ದಾರಿಗೆ ಅಡ್ಡ ತಂತಿ ಇರಬಾರದು. ಚಿಕ್ಕ ತುಂಡಿನೊಳಗೆ ಇನ್ನೂ ಒಂದು ಆಗುತ್ತದೆ: ಅದೇ ಯಾಕ್, ಅದೇ ನೆಲವನ್ನು ದಿನಾ ತುಳಿಯುತ್ತದೆ. ನೀರಿನ ಹತ್ತಿರದ ಮೂಲೆ ಸವೆಯುತ್ತದೆ, ದೂರದ ಮೂಲೆ ಜಡ್ಡುಗಟ್ಟುತ್ತದೆ. ಲೆಕ್ಕದಲ್ಲಿ ಎಕರೆಗೆ ಯಾಕ್ ಸರಿಯಾಗಿಯೇ ಇರುತ್ತದೆ!

– ಹ್ಞೂಂ. ಇದಕ್ಕೆ ನಮ್ಮ ಕೃಷಿ ಇಲಾಖೆಯವರು ಒಂದು ಉಪಾಯ ಹೇಳಿರುತ್ತಿದ್ದರು. ಮೇವು ಸಾಲದಿದ್ದರೆ ಯೂರಿಯಾ ಹಾಕು.

– ಹಾಕಿ ನೋಡಿದ್ದಾರೆ. ಬೆಳೆಯುತ್ತದೆ, ಭರ್ಜರಿಯಾಗಿ ಬೆಳೆಯುತ್ತದೆ. ಯಾರು ಬೆಳೆಯುತ್ತಾರೆ ಅನ್ನುವುದು ಮುಖ್ಯ. ಸಾರಜನಕ ಸಿಕ್ಕ ಕೂಡಲೇ ಎತ್ತರದ ಹುಲ್ಲುಗಳು ಮೇಲೆದ್ದು ಬೆಳಕು ಕದಿಯುತ್ತವೆ, ಗಿಡ್ಡ ಗಿಡಗಳು ಒಂದೊಂದಾಗಿ ಕಾಣೆಯಾಗುತ್ತವೆ. ಬೇಲಿ ನಿಧಾನವಾಗಿ ಮಾಡುವುದನ್ನು ಗೊಬ್ಬರ ಬೇಗ ಮಾಡುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ಟಿಲ್ಮನ್ ಅನ್ನುವವರ ಪ್ರಯೋಗದ ಹುಲ್ಲಿನ ತುಂಡುಗಳಿಗೆ 1988ರ ಬರ ಬಡಿಯಿತು. ಜಾತಿ ಹೆಚ್ಚಿದ್ದ ತುಂಡು ಕಡಿಮೆ ಕುಸಿಯಿತು, ಜಾತಿ ಕಡಿಮೆಯಿದ್ದದ್ದು ನೆಲಕಚ್ಚಿತು. 1994ರಲ್ಲಿ ಅದು ಪ್ರಕಟವಾದಾಗ ದೊಡ್ಡ ಸುದ್ದಿ. ಅದಕ್ಕೆ ಮೊದಲು ರಾಬರ್ಟ್ ಮೇ ಅನ್ನುವವರು ಗಣಿತ ಹಾಕಿ, ಜಾತಿ ಹೆಚ್ಚಾದಷ್ಟೂ ವ್ಯವಸ್ಥೆ ಅಲುಗಾಡುತ್ತದೆ ಅಂದಿದ್ದರು. ಟಿಲ್ಮನ್ನರ ತುಂಡುಗಳಲ್ಲಿ ಜಾತಿ ಕಡಿಮೆಯಾಗಿದ್ದದ್ದೇಕೆ ಗೊತ್ತೇ? ಅವರೇ ಸಾರಜನಕ ಗೊಬ್ಬರ ಹಾಕಿದ್ದರು. ಅದನ್ನೇ ಹಿಡಿದು ಬೇರೆಯವರು ಜಗಳಕ್ಕೆ ನಿಂತರು, ಕಾರಣ ಜಾತಿಯೋ ಗೊಬ್ಬರವೋ ಅಂತ. ಆ ಜಗಳ ದೊಡ್ಡದು, ಬಿಡಿ. 2014ರಲ್ಲಿ ಐದು ಖಂಡಗಳ 41 ಹುಲ್ಲುಗಾವಲುಗಳ ಲೆಕ್ಕ ಬಂತು. ಗೊಬ್ಬರ ಹಾಕದ ಕಡೆ ಜಾತಿ ಹೆಚ್ಚಿದಷ್ಟೂ ಇಳುವರಿ ಸ್ಥಿರ. ಗೊಬ್ಬರ ಹಾಕಿದ ಕಡೆ ಆ ಲಾಭ ಕರಗಿತ್ತು. ಗಿಡಗಳೆಲ್ಲ ಒಂದೇ ತಾಳಕ್ಕೆ ಕುಣಿಯತೊಡಗಿದ್ದವು.

– ಬೀಜ ಬಿತ್ತಿದರೆ? ಕಪ್ಪು ನೆಲದಲ್ಲಿ?

– ಎಲಿಮಸ್ ಬಿತ್ತುತ್ತಾರೆ. ಮೊದಲ ಒಂದೆರಡು ವರ್ಷ ಗೋಧಿ ಗದ್ದೆಯ ಹಾಗೆ ತೂಗುತ್ತದೆ, ಆಮೇಲೆ ಕೆಲವೇ ವರ್ಷಕ್ಕೆ ಇಳಿಯುತ್ತದೆ, ಕಳೆ ಬರುತ್ತದೆ, ಮತ್ತೆ ಬಿತ್ತಬೇಕು. ಮುಸುಕಿನ ಜೋಳ, ಸ್ವೆಟರ್ ಇಲ್ಲ. ಬೇರಿನ ಆ ಕಂಬಳಿಯನ್ನು ಯಾವ ಬೀಜದಂಗಡಿಯೂ ಮಾರುವುದಿಲ್ಲ.

– ಅಲ್ಲಿ ಇಲಿಯಂಥದ್ದೊಂದು ಹುಲ್ಲು ಹಾಳು ಮಾಡುತ್ತದಂತಲ್ಲ?

– ಪೈಕಾ. ಇಲಿಯಲ್ಲ, ಮೊಲದ ಬಳಗ. 1950ರ ದಶಕದ ಕೊನೆಯಿಂದಲೇ ಅದಕ್ಕೆ ವಿಷ ಹಾಕುತ್ತಾ ಬಂದಿದ್ದಾರೆ. ಪೈಕಾಗೆ ಗಿಡ್ಡ ಹುಲ್ಲು ಬೇಕು, ಗಿಡುಗ, ನರಿ ಬರುವುದು ದೂರದಿಂದ ಕಾಣಬೇಕಲ್ಲ. ಅತಿಯಾಗಿ ಮೇಯಿಸಿದ ಕಡೆ ಅದು ಕಿಕ್ಕಿರಿಯುತ್ತದೆ. ಜ್ವರ ಬಂದಿದೆ ಅಂತ ಥರ್ಮಾಮೀಟರ್ ಒಡೆದ ಕಥೆ. ಅದರ ಬಿಲದಲ್ಲಿ ಹಿಮಗುಬ್ಬಿಗಳು ಗೂಡು ಕಟ್ಟುತ್ತವೆ, ಮಳೆನೀರು ಅದೇ ಬಿಲಗಳಿಂದ ನೆಲಕ್ಕಿಳಿಯುತ್ತದೆ. ಕಠಿಣ ಚಳಿಯಲ್ಲಿ ಪೈಕಾ ಯಾಕ್‌ನ ಸಗಣಿ ತಿಂದು ಬದುಕುತ್ತದೆ ಅಂತ 2021ರಲ್ಲಿ ಗೊತ್ತಾಯಿತು.

– ಛೇ! ... ಹಾಗಾದರೆ ಯಾಕ್ ಇದ್ದರೆ ಅದಕ್ಕೂ ಊಟ. ಮುಂದೆ ಹೇಳು. ಈಗೆಲ್ಲರೂ ಹವಾಮಾನ ಬದಲಾಯಿತು ಅನ್ನುತ್ತಾರೆ. ಬಿಸಿ ಹೆಚ್ಚಾದರೆ ಅಂಥ ಚಳಿಯ ನಾಡಿಗೆ ಒಳ್ಳೆಯದೇ ಅಲ್ಲವೇ?

– ಬೆಳೆಗಾಲ ಉದ್ದವಾಗುತ್ತದೆ ಅಂತ ಹಾಗನ್ನಿಸುತ್ತದೆ. ಹಾಯ್‌ಬೇಯಲ್ಲಿ ಜೂಲಿಯಾ ಕ್ಲೈನ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಮೇಲ್ಬಾಯಿ ತೆರೆದ ಸಣ್ಣ ಕೋಣೆಗಳನ್ನು ನೆಲದ ಮೇಲಿಟ್ಟು ಒಳಗಿನ ಗಿಡಗಳನ್ನು ಬೆಚ್ಚಗಿಟ್ಟರು. ಕೆಲವೇ ವರ್ಷದಲ್ಲಿ ಕಾಲು ಭಾಗಕ್ಕೂ ಹೆಚ್ಚು ಜಾತಿಗಳು ಮಾಯ. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಮುಂದಿನ ಭಾಗ. ಮೇಯಿಸಿದ ಹಾಗೆ ಕತ್ತರಿಸುತ್ತಾ ಬಂದ ತುಂಡುಗಳಲ್ಲಿ ಆ ನಷ್ಟ ಕಡಿಮೆಯಾಯಿತು. 2004ರಲ್ಲಿ ಬಂದ ಫಲಿತಾಂಶ ಇದು. ಅಂದರೆ ಬಿಸಿಯಾಗುತ್ತಿರುವ ನಾಡಿನಲ್ಲಿ ಯಾಕ್ ಬಾಯಿಯೂ ಒಂದು ಔಷಧ. ಅದೇ ಹೊತ್ತಿಗೆ ಸರ್ಕಾರ ಯಾಕ್‌ಗಳನ್ನು ಹೊರಗಟ್ಟುತ್ತಿತ್ತು.

– ಇಳುವರಿ?

– ಅದೇ ಸ್ವಾರಸ್ಯ. ಆ ಮೂವತ್ತೆರಡು ವರ್ಷದ ತೂಕ ನೋಡಿದರೆ ಒಟ್ಟು ಇಳುವರಿ ಹೆಚ್ಚೂಕಡಿಮೆ ಹಾಗೇ ಇದೆ. ಮೇಲಿಂದ ನೋಡಿದವನು ಏನೂ ಆಗಿಲ್ಲ ಅನ್ನುತ್ತಾನೆ. ಒಳಗೆ ಜನ ಬದಲಾಗಿದ್ದಾರೆ: ಮೇಲ್ಬೇರಿನ ಜೇಕು, ಅಗಲೆಲೆಯ ಗಿಡ ಇಳಿದಿವೆ, ಆಳಬೇರಿನ ಹುಲ್ಲು ಏರಿದೆ. ಮೇಲ್ಮಣ್ಣು ಒಣಗಿದರೆ ಆಳದ ತೇವಕ್ಕೆ ಕೈ ಹಾಕಬಲ್ಲವರು ಜಾಗ ಹಿಡಿದರು. ಈ ಅದಲು ಬದಲೇ ಒಟ್ಟು ತೂಕವನ್ನು ಉಳಿಸಿತು. 2017ರ ಇನ್ನೊಂದು ಫಲಿತಾಂಶ ಇದಕ್ಕೆ ಎಚ್ಚರಿಕೆಯ ಗಂಟೆ. ಬಿಸಿ ಮಾಡಿದ ತುಂಡುಗಳಲ್ಲಿ ವರ್ಷದಿಂದ ವರ್ಷಕ್ಕೆ ಸ್ಥಿರತೆ ಇಳಿಯಿತು, ಕಾರಣ ಜಾತಿಗಳ ಏರಿಳಿತ ಒಂದೇ ದಿಕ್ಕಿಗೆ ತಿರುಗಿದ್ದು. ಅದಲು ಬದಲಾಗಲು ಜನ ಇದ್ದರೆ ತಾನೇ ಆಗುವುದು? ಬೇಲಿ, ಗೊಬ್ಬರ, ಅತಿ ಮೇಯಿಸುವಿಕೆ ಮೂರೂ ಸೇರಿ ಮೊದಲೇ ಬೆಂಚು ಖಾಲಿ ಮಾಡಿಟ್ಟರೆ ಬಿಸಿ ಬಂದಾಗ ಯಾರನ್ನು ಕಳಿಸುತ್ತೀರಿ?

– ನಮ್ಮ ದೇಶದಲ್ಲಿ ಈ ರೀತಿ ಜಾನುವಾರು ಹೊರಗಿಡುವ ಕೆಲಸ ಯಾರೂ ಮಾಡಲಿಲ್ಲವೋ?

– ಮಾಡಿದೆವಲ್ಲ, ಗಢವಾಲಿನ ಹೂಗಳ ಕಣಿವೆಯಲ್ಲಿ. ಕಾಮೆಟ್ ಶಿಖರ ಹತ್ತಿ ಇಳಿಯುತ್ತಿದ್ದ ಫ್ರಾಂಕ್ ಸ್ಮೈತ್ 1931ರಲ್ಲಿ ಕಂಡು ಬೆರಗಾದ ಕಣಿವೆ ಅದು. ಅಲ್ಲಿಯ ಕುರಿಗಾಹಿಗಳಿಗೆ ಅದು ಮೊದಲಿನಿಂದ ಗೊತ್ತಿದ್ದ ಬುಗ್ಯಾಲ್, ಹುಲ್ಲುಗಾವಲು. 1982ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿ ಕುರಿ-ಮೇಕೆ ನಿಲ್ಲಿಸಿದರು. ಆಮೇಲೆ ಪಾಲಿಗೋನಮ್ ಅನ್ನುವ ಆಳೆತ್ತರದ ಗಿಡ ಹಬ್ಬಿ ಹೂಗಳನ್ನು ಮುಚ್ಚತೊಡಗಿತು. ಅರಣ್ಯ ಇಲಾಖೆ ಈಗ ಕೂಲಿ ಕೊಟ್ಟು ಕೀಳಿಸುತ್ತದೆ. ಕುರಿ ನಿಲ್ಲಿಸಿದ್ದೇ ತಪ್ಪಾಯಿತು ಅಂದರು ಕೆಲವರು. ಇಲ್ಲ, ಹಿಂದೆ ಕುರಿ ತಂಗಿ ಗೊಬ್ಬರವಾದ ನೆಲದಲ್ಲಿ, ಮಣ್ಣು ಜಾರಿದ ಕಡೆಯಲ್ಲಿ ಅದು ಬೇರೂರಿದ್ದು, ಬರೀ ನಿಷೇಧವನ್ನು ದೂರಬೇಡಿ ಅಂದರು ಇನ್ನು ಕೆಲವರು. ನನಗೆ ಎರಡನೆಯವರ ಮಾತು ಹೆಚ್ಚು ತೂಕದ್ದೆನಿಸುತ್ತದೆ. ಆದರೂ ಇಡೀ ಕಣಿವೆಗೆ ಒಂದೇ ಆದೇಶ, ಒಂದೇ ದಿನ ಬೀಗ ಅನ್ನುವುದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

– ದೂಷಿಸುವುದು ಸುಲಭ. ನೀನೇ ಅಧಿಕಾರಿಯಾಗಿದ್ದರೆ ಏನು ಮಾಡುತ್ತಿದ್ದೆ?

– ಸ್ವಿಟ್ಜರ್ಲೆಂಡಿನ ಟೊರ್ಬೆಲ್ ಅನ್ನುವ ಹಳ್ಳಿಯ ಪುಸ್ತಕ ತೆರೆಯುತ್ತಿದ್ದೆ. ಆಲ್ಪ್ಸಿನ ಮೇಲಿನ ಗಾವಲು ಊರೊಟ್ಟಿನದು. 1483ರಲ್ಲೇ ಅದಕ್ಕೊಂದು ಸಂಘ, 1517ರಲ್ಲಿ ಒಂದು ನಿಯಮ: ಚಳಿಗಾಲದಲ್ಲಿ ತನ್ನ ಮನೆಯ ಹುಲ್ಲಿನಲ್ಲಿ ಎಷ್ಟು ಹಸು ಸಾಕಬಲ್ಲನೋ ಅಷ್ಟನ್ನೇ ಬೇಸಿಗೆಗೆ ಮೇಲಿನ ಗಾವಲಿಗೆ ಕಳಿಸಬೇಕು. ಹೊರಗಿಂದ ಹಸು ತಂದು ಸೇರಿಸುವಂತಿಲ್ಲ. ಎಲಿನಾರ್ ಆಸ್ಟ್ರಮ್ ಈ ಊರಿನ ಉದಾಹರಣೆಯನ್ನು 1990ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದರು, 2009ರಲ್ಲಿ ಅವರಿಗೆ ನೊಬೆಲ್ ಬಂತು.

– ಸೊಗಸಾಗಿದೆ. ಒಳ್ಳೆಯ ವರ್ಷದ ಹುಲ್ಲಿಗೆ ಅಲ್ಲ, ಕಷ್ಟದ ತಿಂಗಳಿಗೆ ಮಿತಿ ಕಟ್ಟಿದ್ದಾರೆ. ಎಣಿಸಲೂ ಸುಲಭ. ಹುಲ್ಲು ತೂಗಬೇಕಿಲ್ಲ, ಕೊಟ್ಟಿಗೆ ನೋಡಿದರೆ ಸಾಕು. ನಮ್ಮ ಹೆಡ್ಡಾಫೀಸಿನಲ್ಲಿ ಇಂಥದ್ದೊಂದು ನಿಯಮ ಬರೆಯುವವರು ಇರಲಿಲ್ಲ.

– ಅದರ ಇನ್ನೊಂದು ಮುಖವನ್ನೂ ನೋಡಿ. ಇಂದು ಅದೇ ಆಲ್ಪ್ಸಿನಲ್ಲಿ ಮೇಯಿಸುವವರೇ ಕಡಿಮೆ. ಬಿಟ್ಟ ಗಾವಲುಗಳಿಗೆ ಹಸಿರು ಆಲ್ಡರ್ ಪೊದೆ ನುಗ್ಗುತ್ತಿದೆ. ಬೇಸಿಗೆಯಲ್ಲಿ ದನ ಹೊಡೆದುಕೊಂಡು ಮೇಲೆ ಹೋಗುವವರಿಗೆ ಸ್ವಿಸ್ ಸರ್ಕಾರ ದುಡ್ಡು ಕೊಡುತ್ತದೆ. ಚೀನಾ ಮೇಯಿಸಬೇಡಿ ಅಂತ ಕೊಟ್ಟಿತು, ಇವರು ಮೇಯಿಸಿ ಅಂತ ಕೊಡುತ್ತಾರೆ.

– ಟಿಬೆಟ್ಟಿನಲ್ಲಿ ಟೊರ್ಬೆಲ್ ತರಲಾಗುತ್ತದೆಯೇ?

– ಅವರೇ ತಂದುಕೊಂಡದ್ದಿದೆ. ಗಾನ್ಸು ಪ್ರಾಂತದ ಮಾಚು ಕಡೆ ಕಾಗದದಲ್ಲಿ ತುಂಡು ಒಬ್ಬೊಬ್ಬರದು. ಆದರೆ ಕೆಲವು ಕುಟುಂಬಗಳು ನಡುವಿನ ಬೇಲಿ ಹಾಕದೆ, ತುಂಡುಗಳನ್ನು ಕೂಡಿಸಿ, ಮಂದೆಗಳನ್ನು ಸರದಿಯಲ್ಲಿ ತಿರುಗಿಸುತ್ತವೆ. ಒಬ್ಬೊಬ್ಬರೇ ಬೇಲಿ ಹಾಕಿಕೊಂಡವರ ನೆಲಕ್ಕೆ ಹೋಲಿಸಿದರೆ ಕೂಡಿ ಮೇಯಿಸುವವರ ನೆಲದಲ್ಲಿ ಗಿಡಗಳ ಸ್ಥಿತಿ ಚೆನ್ನಾಗಿದೆ ಅಂತ ಅಳೆದವರು ಹೇಳಿದ್ದಾರೆ. ನಾನು ಅಧಿಕಾರಿಯಾದರೆ ಕಪ್ಪು ನೆಲಕ್ಕೆ ಮಾತ್ರ ಬೇಲಿ ಉಳಿಸಿ, ಉಳಿದ ಕಡೆ ಇಂಥ ಗುಂಪುಗಳಿಗೆ ನೆಲ ಬಿಡುತ್ತಿದ್ದೆ. ನೀವೇನು ಮಾಡುತ್ತಿದ್ದಿರಿ?

– ನಾನು ಬ್ಯಾಂಕಿನವನು. ಬೇಲಿ ಕಿತ್ತರೆ ಈ ತುಂಡು ಯಾರದ್ದು ಅಂತ ಗೊತ್ತಾಗುವುದಿಲ್ಲ. ಕೆಟ್ಟ ವರ್ಷ ಮೇವು ಕೊಳ್ಳಲು ಸಾಲ ಕೇಳಿಕೊಂಡು ಬರುತ್ತಾರೆ. ಯಾರ ಹೆಸರಿಗೆ ಕೊಡಲಿ? ಪಹಣಿ ಇಲ್ಲದ ಜಮೀನಿಗೆ ಸಾಲ ಕೊಡುವ ಫಾರಂ ನನ್ನ ಕಾಲದಲ್ಲಿ ಇರಲಿಲ್ಲ.

– ಇತ್ತು ಮಾವ. ಸ್ವಸಹಾಯ ಸಂಘಗಳಿಗೆ ಕೊಟ್ಟಿರಲ್ಲ. ಆ ಪದ್ಧತಿಯನ್ನು ಇಲ್ಲಿ ಮೊದಲು ಊರೂರಿಗೆ ತಂದವರಲ್ಲಿ ಮೈರಾಡ ಸಂಸ್ಥೆ ಒಂದು. ಅದು 1968ರಲ್ಲಿ ಹುಟ್ಟಿದ್ದೇ ಟಿಬೆಟ್ ನಿರಾಶ್ರಿತರಿಗೆ ಮೈಸೂರು ಸೀಮೆಯಲ್ಲಿ ನೆಲೆ ಮಾಡಿಕೊಡಲು. ಸಂಘಗಳಿಗೆ ಕೈ ಹಾಕಿದ್ದು 1980ರ ದಶಕದ ನಡುವೆ. ಬ್ಯಾಂಕುಗಳ ಜೊತೆ ಜೋಡಿಸುವ ನಬಾರ್ಡಿನ ಕಾರ್ಯಕ್ರಮ 1992ರಲ್ಲಿ ಬಂತು. ಆ ಹೆಂಗಸರ ಯಾವ ಪಹಣಿ ನೋಡಿ ಕೊಟ್ಟಿರಿ?

– ಪಹಣಿ ಎಲ್ಲಿತ್ತು ಅವರಿಗೆ! ನಡಾವಳಿ ಪುಸ್ತಕ ನೋಡುತ್ತಿದ್ದೆ. ವಾರ ವಾರ ಸಭೆ ಸೇರಿದ್ದಾರೋ, ಯಾರು ಎಷ್ಟು ಕಟ್ಟಿದರು, ತಪ್ಪಿದವರಿಗೆ ದಂಡ ಹಾಕಿದ್ದಾರೋ. ಅದು ಸರಿಯಿದ್ದರೆ ಹಣ ಮುಳುಗುವುದು ಕಡಿಮೆ.

– ಅಲ್ಲಿಯೂ ಅಂಥದೇ ಪುಸ್ತಕ ಇಡಿಸಬಹುದು. ಯಾರ ಮಂದೆ, ಯಾವ ತಿಂಗಳು, ಯಾವ ಇಳಿಜಾರಿನಲ್ಲಿ ಇತ್ತು ಅಂತ.

– ಅಷ್ಟಿದ್ದರೆ ಫೈಲು ಮುಂದಕ್ಕೆ ಹೋಗುತ್ತದೆ. ಆದರೆ ಯಾಕ್ ಎಷ್ಟಿವೆ ಅಂತ ನಾನು ಮೊದಲು ಕೇಳುವುದಿಲ್ಲ. ಚಳಿಗಾಲಕ್ಕೆ ಹುಲ್ಲು ಎಷ್ಟು ಕೂಡಿಟ್ಟಿದ್ದೀರಿ ಅಂತ ಕೇಳುತ್ತೇನೆ.